ಅಖಾಡದ ದಮ್ಮಿಗೆ ರಸ್ತೆ ಓಟ ಎಷ್ಟು ಬೇಕು?

ಬಾಕ್ಸಿಂಗ್, ಕುಸ್ತಿ, ಜುಡೊ, ಕಿಕ್‌ಬಾಕ್ಸಿಂಗ್ ಆಡುವ ಓದುಗರು ಓಟದ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಕೋಚ್ ವಾರಕ್ಕೆ ಆರು ದಿನ 8 ಕಿ.ಮೀ. ಓಡಿಸುತ್ತಾರೆ. ಗುಂಪಿನಲ್ಲಿ 41-42 ನಿಮಿಷಕ್ಕೆ ಮುಗಿಸುತ್ತೇವೆ. ಜೊತೆಗಾರರು ‘ಉದ್ದ ಓಟ ಹಳೇ ಕಾಲದ್ದು, ನಾಲ್ಕು ನಿಮಿಷ ಟಬಾಟ ಮಾಡಿದರೆ ಸಾಕು’ ಅನ್ನುತ್ತಾರೆ. ಇಷ್ಟು ಓಡಿಯೂ ಮೂರನೇ ರೌಂಡಿನಲ್ಲಿ ನನ್ನ ಕೈ ಮೇಲೇಳುವುದಿಲ್ಲ. ಯಾರ ಮಾತು ಸರಿ?
— ಬಾಕ್ಸಿಂಗ್ ಅಭ್ಯಾಸಿ, 19 ವರ್ಷ, ಬೆಂಗಳೂರು

ಉತ್ತರ: ಕೋಚ್ ಓಡಿಸುವುದು ಸರಿ. ನೀವು ಓಡುತ್ತಿರುವ ವೇಗ ತಪ್ಪು. ಮೊದಲು ಕೈ ಯಾಕೆ ಸೋಲುತ್ತದೆ ನೋಡೋಣ.

ರಿಂಗಿನಲ್ಲಿ ಒಂದು ಸರಣಿ ಹೊಡೆತ ಮೂರರಿಂದ ಆರು ಸೆಕೆಂಡಿನ ಕೆಲಸ. ಅದಕ್ಕೆ ಬೇಕಾದ ಶಕ್ತಿ ಸ್ನಾಯುವಿನಲ್ಲಿ ಮೊದಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್‌ನಿಂದ ಬರುತ್ತದೆ. ಪೂರ್ತಿ ಜೋರಿನಲ್ಲಿ ಹೊಡೆದರೆ ಆ ದಾಸ್ತಾನು ಹತ್ತು ಸೆಕೆಂಡು ಬಂದರೆ ಹೆಚ್ಚು. ಆಮೇಲೆ ನೀವು ಸುತ್ತು ಹಾಕುತ್ತೀರಿ, ಜ್ಯಾಬ್ ಕೊಟ್ಟು ಎದುರಾಳಿಯನ್ನು ದೂರ ಇಡುತ್ತೀರಿ. ಖಾಲಿಯಾದ ಬಿಂದಿಗೆ ಮತ್ತೆ ತುಂಬುವುದು ಆ ಹೊತ್ತಿನಲ್ಲೇ, ತುಂಬಿಸುವುದು ಆಮ್ಲಜನಕ. ಅರ್ಧದಷ್ಟು ತುಂಬಲು ಸುಮಾರು ಅರ್ಧ ನಿಮಿಷ ಬೇಕು, ಹೆಚ್ಚುಕಡಿಮೆ ಪೂರ್ತಿಗೆ ಮೂರರಿಂದ ಐದು ನಿಮಿಷ. ರೌಂಡುಗಳ ನಡುವೆ ಮೂಲೆಯಲ್ಲಿ ನಿಮಗೆ ಸಿಗುವುದು ಒಂದೇ ನಿಮಿಷ. ಹೃದಯ ಪ್ರತಿ ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳೂ ಮೈಟೊಕಾಂಡ್ರಿಯಗಳೂ (ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಜೀವಕೋಶದ ಭಾಗಗಳು) ಎಷ್ಟಿವೆ ಎಂಬುದರ ಮೇಲೆ ಆ ನಿಮಿಷದಲ್ಲಿ ಎಷ್ಟು ತುಂಬಿತು ಅನ್ನುವುದು ನಿಂತಿದೆ. ಮೊದಲ ರೌಂಡನ್ನು ಇಬ್ಬರೂ ಕೂಡಿಟ್ಟ ಶಕ್ತಿಯಲ್ಲಿ ಆಡುತ್ತಾರೆ. ಮೂರನೆಯದನ್ನು ಬೇಗ ತುಂಬಿಕೊಂಡವನು ಆಡುತ್ತಾನೆ.

ಇನ್ನು ಟಬಾಟ. 1996ರಲ್ಲಿ ಪ್ರಕಟವಾದ ಆ ಪ್ರಯೋಗ ನಡೆದದ್ದು ಜಪಾನಿನಲ್ಲಿ, ವ್ಯಾಯಾಮದ ಸೈಕಲ್ ಮೇಲೆ. 20 ಸೆಕೆಂಡು ತುಳಿತ, 10 ಸೆಕೆಂಡು ಬಿಡುವು, ಏಳೆಂಟು ಸುತ್ತಿಗೆ ಕಾಲು ನಿಂತೇಹೋಗಬೇಕು. ತೀವ್ರತೆ, ಗರಿಷ್ಠ ಆಮ್ಲಜನಕ ಬಳಕೆ ಮುಟ್ಟುವ ತುಳಿತದ ಶೇ 170. ಆರು ವಾರದಲ್ಲಿ ಲಾಭ ದೊಡ್ಡದೇ ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎರಡು ಸಂಗತಿ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಉದುರಿಹೋಗಿವೆ. ಆ ಗುಂಪಿಗೂ ವಾರದಲ್ಲಿ ಒಂದು ದಿನ 30 ನಿಮಿಷದ ಏಕಗತಿಯ ತುಳಿತ ಇತ್ತು. ಜೊತೆಗೆ, ಅವರು ವಾರಕ್ಕೆ ಮೂರು ದಿನ ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಕಾದಾಟ) ಮಾಡಿ ಮೈ ನುಗ್ಗಾದವರಾಗಿರಲಿಲ್ಲ. ನಿಮಗೆ ಸ್ಪಾರಿಂಗ್, ಪ್ಯಾಡ್, ಬ್ಯಾಗ್‌ಗಳಿಂದಲೇ ಬಿರುಸಿನ ಕೆಲಸ ಬೇಕಾದಷ್ಟು ಸಿಗುತ್ತಿದೆ. ಅದರ ಮೇಲೆ ಇನ್ನಷ್ಟು ಬಿರುಸು ಹೇರಿದರೆ ಮೈ ಎಲ್ಲಿ ಚೇತರಿಸಿಕೊಳ್ಳಬೇಕು?

ನಿಮ್ಮ 8 ಕಿ.ಮೀ.ಗೆ ಬರೋಣ. 42 ನಿಮಿಷವೆಂದರೆ ಕಿಲೋಮೀಟರಿಗೆ ಐದೂಕಾಲು ನಿಮಿಷ. ಗುಂಪಿನಲ್ಲಿ ಯಾರೂ ಹಿಂದೆ ಬೀಳಲು ಒಪ್ಪುವುದಿಲ್ಲ, ಎಲ್ಲರ ನಾಡಿಯೂ 165-175ಕ್ಕೆ ಏರಿ ನಿಲ್ಲುತ್ತದೆ. ಅತ್ತ ನಿಧಾನವೂ ಅಲ್ಲ, ಇತ್ತ ಬಿರುಸೂ ಅಲ್ಲ. ದಣಿವು ಪೂರ್ತಿ, ಲಾಭ ಅರ್ಧ, ಸಂಜೆಯ ಸ್ಪಾರಿಂಗ್‌ಗೆ ಸತ್ತ ಕಾಲು. ಆರು ದಿನದ ಬದಲು ನಾಲ್ಕು ದಿನ ಓಡಿ. ಮೂರು ದಿನ 40-50 ನಿಮಿಷ, ನಾಡಿ 145 ದಾಟದಂತೆ. ದೂರ ಎಷ್ಟಾದರೂ ಆಗಲಿ. ಒಂದು ದಿನ ಮಾತ್ರ ಬಿರುಸು: 10 ನಿಮಿಷ ಮೈ ಕಾಯಿಸಿ, ನಾಲ್ಕು ನಿಮಿಷದ ಗಟ್ಟಿ ಓಟ ನಾಲ್ಕು ಸಲ, ನಡುವೆ ಮೂರು ನಿಮಿಷ ಹಗುರ ಓಟ. ಗಟ್ಟಿ ಅಂದರೆ ಗರಿಷ್ಠ ನಾಡಿಯ ಶೇ 90-95. ನಾಲ್ಕನೆಯದೂ ಮೊದಲನೆಯದರ ವೇಗದಲ್ಲೇ ಮುಗಿಯಬೇಕು. ಮುಗಿಯದಿದ್ದರೆ ಮೊದಲನೆಯದನ್ನು ಅತಿ ವೇಗದಲ್ಲಿ ಓಡಿದ್ದೀರಿ ಎಂದರ್ಥ.

ಒಂದು ಎಚ್ಚರಿಕೆ. ಓಟ ಹೃದಯವನ್ನೂ ಕಾಲನ್ನೂ ಕಟ್ಟುತ್ತದೆ, ಭುಜದೊಳಗಿನ ಸಣ್ಣ ರಕ್ತನಾಳಗಳನ್ನು ಕಟ್ಟುವುದಿಲ್ಲ. ಅವು ಬೆಳೆಯಬೇಕಾದರೆ ಕೈಯೇ ದುಡಿಯಬೇಕು. ಆದ್ದರಿಂದ ಮೂರು ನಿಧಾನದ ದಿನಗಳಲ್ಲಿ ಒಂದನ್ನು ಒಡೆದು, 20 ನಿಮಿಷ ಓಟದ ಬೆನ್ನಿಗೇ ಆರು ರೌಂಡು ಹಗುರ ಶ್ಯಾಡೊ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಯಲ್ಲಿ ಹೊಡೆಯುವುದು) ಮಾಡಿ. ನಾಡಿ ಅದೇ 130-145ರಲ್ಲಿರಲಿ, ಕೈ ಗಲ್ಲದಿಂದ ಕೆಳಗಿಳಿಯದಿರಲಿ. ಹೊಡೆಯುವಾಗ ಉಸಿರು ಹಿಡಿಯುವ ಚಾಳಿ ಇದೆಯೇ ಎಂದು ಕೋಚ್ ಹತ್ತಿರ ಕೇಳಿ ನೋಡಿ. ಇದ್ದರೆ ಎಷ್ಟು ಓಡಿದರೂ ಮೂರನೇ ರೌಂಡು ಹೀಗೇ ಇರುತ್ತದೆ. ಪ್ರತಿ ಹೊಡೆತಕ್ಕೂ ಮೂಗಿನಿಂದ ಅಥವಾ ಹಲ್ಲಿನ ಸಂದಿಯಿಂದ ಉಸಿರು ಹೊರಬೀಳಬೇಕು.

ಪ್ರಶ್ನೆ: ಎಲ್ಲರೂ ‘ನಿಧಾನ ಓಡು’ ಅಂತಾರೆ. ಎಷ್ಟು ನಿಧಾನ? ಎಷ್ಟೇ ಮೆಲ್ಲಗೆ ಓಡಿದರೂ ವಾಚಿನಲ್ಲಿ 168, 172 ತೋರಿಸುತ್ತದೆ. ಇನ್ನೂ ಇಳಿಸಿದರೆ ನಡಿಗೆಯೇ ಆಗುತ್ತದೆ.
— ಕಿಕ್‌ಬಾಕ್ಸಿಂಗ್, 24 ವರ್ಷ, ಹುಬ್ಬಳ್ಳಿ

ಉತ್ತರ: ನಡಿಗೆಯೇ ಆಗಲಿ, ಅದರಲ್ಲಿ ಅವಮಾನವೇನೂ ಇಲ್ಲ. ಎರಡು ನಿಮಿಷ ಓಟ, ಒಂದು ನಿಮಿಷ ಬಿರುಸು ನಡಿಗೆ, ಹೀಗೆ 30 ನಿಮಿಷದಿಂದ ಆರಂಭಿಸಿ. ವಾರಕ್ಕೆ ಐದು ನಿಮಿಷ ಸೇರಿಸುತ್ತಾ ಹೋಗಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಕಡಿಮೆ ಮಾಡಿ. ಬಿಡದೆ ಮಾಡಿದರೆ ಆರೆಂಟು ವಾರದಲ್ಲಿ ಅದೇ ನಾಡಿಯಲ್ಲಿ ನಿಲ್ಲದೆ ಓಡುವುದು ಬಹುತೇಕರಿಗೆ ಸಾಧ್ಯವಾಗುತ್ತದೆ.

ಲೆಕ್ಕ ಹೀಗೆ: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. ನಿಮಗೆ ಅದು 191. ಅದರ ಶೇ 60ರಿಂದ 75, ಅಂದರೆ 115ರಿಂದ 143, ನಿಮ್ಮ ನಿಧಾನದ ಪಟ್ಟಿ. ಸೂತ್ರ ಸರಾಸರಿ ಮನುಷ್ಯನದು. ಒಬ್ಬೊಬ್ಬರಲ್ಲಿ ಹತ್ತು ಬಡಿತ ಆಚೀಚೆ ಆಗುವುದು ಸಾಮಾನ್ಯ. ಅದಕ್ಕೇ ಉಸಿರಿನ ಸಾಕ್ಷಿಯೂ ಬೇಕು. ಓಡುತ್ತಾ ಹದಿಮೂರರ ಮಗ್ಗಿಯನ್ನು ಗಟ್ಟಿಯಾಗಿ ಹೇಳಿ. ಒಂದೇ ಉಸಿರಿಗೆ ಎರಡು ಸಾಲು ಬಂದರೆ ವೇಗ ಸರಿ. ಸಾಲಿನ ನಡುವೆ ಉಸಿರು ಎಳೆಯಬೇಕಾಗಿ ಬಂದರೆ ನಿಧಾನಿಸಿ.

ವಾಚನ್ನೂ ಸ್ವಲ್ಪ ಅನುಮಾನಿಸಿ. ಮಣಿಕಟ್ಟಿನ ವಾಚುಗಳು ಬೆಳಕು ಹಾಯಿಸಿ ಚರ್ಮದಡಿಯ ರಕ್ತದ ಏರಿಳಿತ ಓದುತ್ತವೆ. ಪಟ್ಟಿ ಸಡಿಲವಿದ್ದರೆ, ಕೈ ಬೆವರಿದ್ದರೆ, ನಾಡಿಯ ಬದಲು ಹೆಜ್ಜೆಯ ಕುಲುಕನ್ನೇ ಎಣಿಸಿಬಿಡುವುದುಂಟು. ಓಟದ ಹೆಜ್ಜೆ ನಿಮಿಷಕ್ಕೆ 160-175 ಇರುತ್ತದೆ, ನಿಮ್ಮ ವಾಚಿನ ಅಂಕಿಯೂ ಅಲ್ಲೇ ಇದೆ. ನಿಂತ ತಕ್ಷಣ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 36 ಬಡಿತ ಸಿಕ್ಕರೆ 144, ವಾಚು ಸುಳ್ಳು. ಎದೆಗೆ ಕಟ್ಟುವ ಪಟ್ಟಿ ಇದಕ್ಕಿಂತ ನಂಬಿಕಸ್ಥ.

ಬಿಸಿಲಿನಲ್ಲಿ, ಸೆಕೆಯಲ್ಲಿ ವೇಗ ಬದಲಾಗದೆಯೂ ನಾಡಿ ಹತ್ತು ಬಡಿತ ಮೇಲೇರುತ್ತದೆ. ಬೆವರಿ ರಕ್ತದ ನೀರಂಶ ಇಳಿದಾಗ ಹೃದಯ ಅದೇ ಕೆಲಸಕ್ಕೆ ಹೆಚ್ಚು ಸಲ ಬಡಿಯಬೇಕಾಗುತ್ತದೆ. ಆಗ ವೇಗ ಇಳಿಸಿ. ದಮ್ಮು ಇಳಿದಿದೆ ಎಂದು ಹೆದರಬೇಕಿಲ್ಲ.

ಪ್ರಶ್ನೆ: ನಾಡ ಕುಸ್ತಿ ಆಡುತ್ತೇನೆ, ತೂಕ 96 ಕೆ.ಜಿ. ಟಾರು ರಸ್ತೆಯಲ್ಲಿ 5 ಕಿ.ಮೀ. ಓಡಿದರೆ ಮೂರನೇ ದಿನಕ್ಕೆ ಮೊಣಕಾಲ ಕೆಳಗೆ ಮೂಳೆಯ ಒಳಬದಿ ನೋಯುತ್ತದೆ. ಉಸ್ತಾದರು ‘ಬೆಟ್ಟ ಹತ್ತು, ಮಟ್ಟಿ (ಅಖಾಡದ ಮಣ್ಣು) ಅಗಿ, ಅಷ್ಟು ಸಾಕು’ ಅನ್ನುತ್ತಾರೆ. ದಸರೆಗೆ ಮೂರು ತಿಂಗಳಿದೆ.
— ಪೈಲ್ವಾನ್, 27 ವರ್ಷ, ಮೈಸೂರು

ಉತ್ತರ: ಉಸ್ತಾದರ ಮಾತು ಕೇಳಿ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ನಿಮಗೆ ಅದು 190ರಿಂದ 290 ಕೆ.ಜಿ. ಐದು ಕಿಲೋಮೀಟರಿಗೆ ಐದು ಸಾವಿರಕ್ಕೂ ಹೆಚ್ಚು ಹೆಜ್ಜೆ. 60 ಕೆ.ಜಿ.ಯ ಹುಡುಗನಿಗೆ ಹೇಳುವ ಓಟವನ್ನು ನಿಮಗೂ ಹೇಳುವುದು ನ್ಯಾಯವಲ್ಲ. ಹೃದಯಕ್ಕೆ ಬೇಕಾದದ್ದು ಮುಕ್ಕಾಲು ಗಂಟೆ 125-140ರ ಬಡಿತ. ಅದು ಓಟದಿಂದ ಬಂತೋ ಮೆಟ್ಟಿಲಿನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲು ನಿಮಗೆ ಹೇಳಿ ಮಾಡಿಸಿದಂತಿದೆ. ಓಡಿ ಹತ್ತಬೇಡಿ, ಒಂದೊಂದೇ ಮೆಟ್ಟಿಲು, ಮಗ್ಗಿ ಹೇಳುವಷ್ಟು ಉಸಿರು ಉಳಿಸಿಕೊಂಡು ಹತ್ತಿ. ಮಂಡಿಗೆ, ತೊಡೆಗೆ ಪೆಟ್ಟು ಬೀಳುವುದು ಇಳಿಯುವಾಗ. ಬಸ್ಸಿನಲ್ಲಿ ಇಳಿದರೂ ನಷ್ಟವಿಲ್ಲ. ಗುದ್ದಲಿ ಹಿಡಿದು ಮಟ್ಟಿ ಅಗೆದು ಹದ ಮಾಡುವುದು 20-25 ನಿಮಿಷ ನಿಲ್ಲದೆ ನಡೆದರೆ ಒಳ್ಳೆಯ ಏರೋಬಿಕ್ (ಆಮ್ಲಜನಕ ಬಳಸಿ ನಡೆಯುವ) ಕೆಲಸ, ಅದೂ ಬೆನ್ನು, ಭುಜ, ಮುಂಗೈಗಳಿಗೆ. ರಸ್ತೆ ಓಟ ಇದನ್ನು ಕೊಡಲಾರದು. ವಾರಕ್ಕೆ ಎರಡು ದಿನ ಬೆಟ್ಟ, ಎರಡು ದಿನ ಮಟ್ಟಿ, ಒಂದು ದಿನ 50 ನಿಮಿಷ ಸೈಕಲ್ ಇಟ್ಟುಕೊಳ್ಳಿ.

ಕಾಲಿನ ನೋವನ್ನು ಬೆರಳಿನಿಂದ ಒತ್ತಿ ನೋಡಿ. ಮೂಳೆಯ ಅಂಚಿನುದ್ದಕ್ಕೂ ನಾಲ್ಕೈದು ಬೆರಳಗಲ ಹರಡಿದ್ದರೆ ಮೂಳೆಯ ಹೊದಿಕೆಗೂ ಅದಕ್ಕಂಟಿದ ಸ್ನಾಯುವಿಗೂ ಒತ್ತಡವಾಗಿದೆ, ಓಟ ನಿಲ್ಲಿಸಿದರೆ ಕೆಲವು ವಾರದಲ್ಲಿ ತಗ್ಗುತ್ತದೆ. ನಾಣ್ಯದಗಲದ ಒಂದೇ ಜಾಗ ಚುಚ್ಚಿದಂತೆ ನೋಯುತ್ತಿದ್ದರೆ, ಒಂಟಿ ಕಾಲಲ್ಲಿ ಕುಪ್ಪಳಿಸಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ಮೂಳೆ ವೈದ್ಯರಿಗೆ ತೋರಿಸಿ. ಮೊದಲ ವಾರಗಳಲ್ಲಿ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ‘ಎಕ್ಸ್‌ರೇ ಚೆನ್ನಾಗಿದೆ’ ಅಂತ ಮತ್ತೆ ಓಟಕ್ಕಿಳಿಯಬೇಡಿ.

ಮ್ಯಾಟ್ ಮೇಲಿನ ಫ್ರೀಸ್ಟೈಲ್ ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡು ಬಿಡುವು. ಮಟ್ಟಿಯ ಕುಸ್ತಿ ಅದಕ್ಕಿಂತ ಎಷ್ಟೋ ಹೊತ್ತು ಎಳೆಯಬಹುದು. ಹಾಗಾಗಿ ನಿಮಗೆ ಏರೋಬಿಕ್ ಬುನಾದಿ ಇನ್ನೂ ಹೆಚ್ಚು ಬೇಕು. ಆದರೆ ಪಟ್ಟು ಬಿಗಿಹಿಡಿದಾಗ ಮುಂಗೈ ಉರಿಯುವುದಕ್ಕೆ ಕಾರಣ ಬೇರೆ: ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮಿಬಿಡುತ್ತದೆ, ಹೃದಯ ಎಷ್ಟು ದೊಡ್ಡದಿದ್ದರೂ ರಕ್ತ ಒಳಗೆ ಹೋಗುವುದಿಲ್ಲ. ಅದಕ್ಕೆ ಹಗ್ಗ ಹತ್ತುವುದು, ಜೋಡಿಯೊಡನೆ ಹಿಡಿದು ಬಿಟ್ಟು ಹಿಡಿಯುವ ಅಭ್ಯಾಸ ಇವೇ ಮದ್ದು.

ಪ್ರಶ್ನೆ: ಸ್ಕಿಪ್ಪಿಂಗ್ ಮಾಡಿದರೆ ಓಟ ಬಿಡಬಹುದೇ? ಕೈಯಲ್ಲಿ ಡಂಬೆಲ್ ಹಿಡಿದು ಓಡಿದರೆ ಹೊಡೆತ ಗಟ್ಟಿಯಾಗುತ್ತದೆಯೇ?
— ಮಂಗಳೂರು

ಉತ್ತರ: ಸ್ಕಿಪ್ಪಿಂಗ್ ಪಾದದ ಚುರುಕಿಗೆ ಬಹಳ ಒಳ್ಳೆಯದು, ಆದರೆ ಹೊಸಬರ ನಾಡಿಯನ್ನು ಬೇಗ 160 ದಾಟಿಸುತ್ತದೆ, ಮೀನಖಂಡ ಬೇಗ ಬಿಗಿಯುತ್ತದೆ. ಓಟದ ಸಮಯದಲ್ಲಿ ಮೂರನೇ ಒಂದು ಭಾಗಕ್ಕೆ ಹಗ್ಗ ಸಾಕು. ಡಂಬೆಲ್ ಬೇಡ. ತೂಕ ಕೈಯನ್ನು ಕೆಳಕ್ಕೆ ಎಳೆಯುತ್ತದೆ, ಹೊಡೆತ ಹೋಗಬೇಕಾದದ್ದು ಮುಂದಕ್ಕೆ. ಭುಜದ ಕೀಲು ನೋವು ಮಾತ್ರ ಉಳಿಯುತ್ತದೆ.

ಪ್ರಶ್ನೆ: ಮಗಳಿಗೆ 16 ವರ್ಷ, ಮ್ಯಾಟ್ ಕುಸ್ತಿ ಆಡುತ್ತಾಳೆ. ಓಡಿದರೆ ಬಲ ಕರಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಪಂದ್ಯಕ್ಕೆ ಎಂಟು ವಾರ ಇದೆ. ಯಾವ ದಿನ ಏನು ಮಾಡಿಸಬೇಕು? ಈಚೆಗೆ ಬೇಗ ಸುಸ್ತಾಗುತ್ತಾಳೆ.
— ತಂದೆ, ಬೆಳಗಾವಿ

ಉತ್ತರ: ಆ ಹೆದರಿಕೆಗೆ ಒಂದು ಮೂಲ ಇದೆ. 1980ರಲ್ಲಿ ಹಿಕ್ಸನ್ ಎಂಬ ಸಂಶೋಧಕ ಒಂದು ಗುಂಪಿಗೆ ವಾರಕ್ಕೆ ಐದು ದಿನ ಭಾರ ಎತ್ತಿಸಿ, ಆರು ದಿನ ತಲಾ 40 ನಿಮಿಷ ಗಟ್ಟಿ ಸೈಕಲ್, ಓಟ ಮಾಡಿಸಿದರು. ಏಳು ವಾರ ಬಲ ಏರಿತು, ಆಮೇಲೆ ನಿಂತಿತು, ಒಂಬತ್ತು-ಹತ್ತನೇ ವಾರದಲ್ಲಿ ಇಳಿಯಿತು. ವಾರಕ್ಕೆ ಹನ್ನೊಂದು ಸಲ ಗಟ್ಟಿ ಕಸರತ್ತು! ವಾರಕ್ಕೆ ಮೂರು ಹಗುರ ಓಟದಿಂದ ಅಂಥ ಹಾನಿ ಆಗುವುದಿಲ್ಲ, ಊಟ ನಿದ್ದೆ ನೆಟ್ಟಗಿದ್ದರೆ.

ಮೊದಲ ನಾಲ್ಕು ವಾರ ಸೋಮವಾರ, ಗುರುವಾರ, ಶನಿವಾರ ಬೆಳಿಗ್ಗೆ 30ರಿಂದ 40 ನಿಮಿಷ ನಿಧಾನದ ಓಟ. ಮಂಗಳವಾರ, ಶುಕ್ರವಾರ ಭಾರ ಎತ್ತುವುದು. ಸಂಜೆ ಎಂದಿನಂತೆ ಮ್ಯಾಟ್, ಭಾನುವಾರ ಪೂರ್ತಿ ಬಿಡುವು. ಓಟ ಮತ್ತು ಭಾರ ಒಂದೇ ದಿನ ಬಂದರೆ ನಡುವೆ ಕನಿಷ್ಠ ಆರು ಗಂಟೆ ಬಿಡಿ. ಅದೂ ಆಗದಿದ್ದರೆ ಮೊದಲು ಪಟ್ಟುಗಳ ಅಭ್ಯಾಸ, ಆಮೇಲೆ ಭಾರ, ಕೊನೆಗೆ 20 ನಿಮಿಷ ಓಟ. ದಣಿದ ಕಾಲಲ್ಲಿ ಪಟ್ಟು ಕಲಿತರೆ ತಪ್ಪು ನಿಲುವೇ ಮೈಗೂಡುತ್ತದೆ.

ಐದನೇ ವಾರದಿಂದ ಏಳರವರೆಗೆ ನಿಧಾನದ ಓಟ ಎರಡು ದಿನಕ್ಕೆ ಇಳಿಯಲಿ. ಮೂರನೇ ದಿನ 15 ಸೆಕೆಂಡು ಬಿರುಸು, 15 ಸೆಕೆಂಡು ಹಗುರ, ಹೀಗೆ ಮೂರು ನಿಮಿಷ. 30 ಸೆಕೆಂಡು ನಿಂತು ಮತ್ತೆ ಮೂರು ನಿಮಿಷ. ಪಂದ್ಯದ ಅಳತೆಯೇ ಇದು. ಇಂಥ ಜೋಡಿ ಎರಡರಿಂದ ಶುರುಮಾಡಿ ನಾಲ್ಕಕ್ಕೆ ತನ್ನಿ, ಜೋಡಿಗಳ ನಡುವೆ ಐದು ನಿಮಿಷ ಬಿಡಿ. ಮ್ಯಾಟ್ ಮೇಲೆ ಗಟ್ಟಿ ಕುಸ್ತಿ ಆಡಿದ ಮರುದಿನ ಇದನ್ನು ಇಡಬೇಡಿ. ಕೊನೆಯ ವಾರ 20 ನಿಮಿಷದ ಹಗುರ ಓಟ ಎರಡೇ ಸಲ. ಆ ವಾರದ ಬೆವರಿನಿಂದ ದಮ್ಮು ಹೆಚ್ಚುವುದಿಲ್ಲ, ದಣಿವು ಹೆಚ್ಚುತ್ತದೆ.

ಸುಸ್ತಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಓಟ ಹೆಚ್ಚಿಸುವ ಮೊದಲು ವೈದ್ಯರ ಬಳಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು, ಈ ವಯಸ್ಸಿನ ಹುಡುಗಿಯರಲ್ಲಿ ಇದು ಅಪರೂಪವಲ್ಲ. ಮುಟ್ಟು ಮೂರು ತಿಂಗಳು ನಿಂತಿದ್ದರೆ ದುಡಿಮೆಗೆ ತಕ್ಕ ಊಟ ಆಗುತ್ತಿಲ್ಲ ಎಂಬ ಸೂಚನೆ ಇರಬಹುದು, ಅದನ್ನೂ ವೈದ್ಯರಿಗೆ ಹೇಳಬೇಕು. ಇದನ್ನು ತಾಯಿಯೋ ಅಕ್ಕನೋ ಕೇಳಿ ತಿಳಿದುಕೊಳ್ಳಲಿ. ಓಡಿ ಬಂದ ಒಂದು ಗಂಟೆಯೊಳಗೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಮೊಟ್ಟೆ ಅಥವಾ ಮೊಸರು ಹೊಟ್ಟೆಗೆ ಬೀಳಲಿ. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲಿ.

ಪ್ರಶ್ನೆ: 65 ಕೆ.ಜಿ. ವಿಭಾಗಕ್ಕೆ ಇಳಿಯಬೇಕು, ಈಗ 68.5 ಇದ್ದೇನೆ. ಪಂದ್ಯಕ್ಕೆ ಮೂರು ದಿನ ಇರುವಾಗ ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಮೇಲೆ ಜಾಕೆಟ್ ಹಾಕಿ ಓಡಿದರೆ ಇಳಿಯುತ್ತದಂತೆ.
— ಕುಸ್ತಿಪಟು, 20 ವರ್ಷ, ಕಲಬುರಗಿ

ಉತ್ತರ: ದಯವಿಟ್ಟು ಮಾಡಬೇಡಿ. ಇಳಿಯುವುದು ನೀರು, ಕೊಬ್ಬಲ್ಲ. ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಆರುವುದರಿಂದ. ಪ್ಲಾಸ್ಟಿಕ್ ಅದನ್ನೇ ತಡೆಯುತ್ತದೆ. ಒಳಗಿನ ಶಾಖ ಏರುತ್ತಲೇ ಹೋಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಕೊನೆಗೆ ಹೃದಯವೇ ನಿಲ್ಲಬಹುದು. 1997ರ ನವೆಂಬರ್-ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಗಾಳಿಯಾಡದ ಉಡುಪು ತೊಟ್ಟು ಬಿಸಿಯಲ್ಲಿ ಕಸರತ್ತು ಮಾಡುತ್ತಾ ತೀರಿಕೊಂಡರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಆ ಉಡುಪನ್ನೇ ನಿಷೇಧಿಸಿದರು.

ಬದುಕಿ ಉಳಿದರೂ ಕುಸ್ತಿ ಕೆಡುತ್ತದೆ. ಮೈತೂಕದ ಶೇ 2ರಷ್ಟು ನೀರು ಹೋದರೂ ದಮ್ಮು ಇಳಿಯುತ್ತದೆ. ನೀವು ಕಳೆಯಬೇಕೆಂದಿರುವುದು ಶೇ 5. ದೊಡ್ಡ ಪಂದ್ಯಗಳಲ್ಲಿ ಒಂದು ವಿಭಾಗದ ಕುಸ್ತಿ ಎರಡು ದಿನ ನಡೆಯುತ್ತದೆ, ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ದಿನ ಮೂರೂ ಕುಸ್ತಿ ಗೆದ್ದು, ಎರಡನೇ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿದ್ದಕ್ಕೆ ಫೈನಲ್ ಕಳೆದುಕೊಂಡದ್ದು ಎಲ್ಲರಿಗೂ ನೆನಪಿದೆ. ಎಂಥ ಗಟ್ಟಿ ಆಟಗಾರರ ಮೈಯೂ ರಾತ್ರೋರಾತ್ರಿ ಹೇಳಿದಂತೆ ಕೇಳುವುದಿಲ್ಲ.

ಈ ಸಲ ಮೇಲಿನ ವಿಭಾಗದಲ್ಲಿ ಆಡಿ. ಮುಂದಿನ ಪಂದ್ಯಕ್ಕೆ ಏಳೆಂಟು ವಾರ ಮುಂಚೆ ಶುರುಮಾಡಿ, ವಾರಕ್ಕೆ ಅರ್ಧ ಕೆ.ಜಿ. ಇಳಿಸಿ. ಕಲಬುರಗಿಯ ಬೇಸಿಗೆಯಲ್ಲಿ ಓಟ ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಓಡುವ ಮೊದಲು, ಓಡಿದ ಮೇಲೆ ತೂಕ ನೋಡಿ. ಕಡಿಮೆಯಾದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರನ್ನು ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ ಇರಲಿ. ಬಿಸಿಲಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ನಡುಗಿದರೆ, ತೂರಾಡಿದರೆ ನೆರಳಿಗೆಳೆದು ಮೈತುಂಬ ತಣ್ಣೀರು ಸುರಿಯಿರಿ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ಅದು ಬರಲಿ ಎಂದು ಕಾಯದೆ ತಣಿಸುತ್ತಲೇ ಇರಿ.

ಪ್ರಶ್ನೆ: ಜುಡೊ ಆಡುತ್ತೇನೆ. ಎರಡು ತಿಂಗಳಿಂದ ನಿಧಾನವಾಗಿ ಓಡುತ್ತಿದ್ದೇನೆ. ಉಪಯೋಗ ಆಗುತ್ತಿದೆ ಎಂದು ತಿಳಿಯುವುದು ಹೇಗೆ?
— 21 ವರ್ಷ, ಶಿವಮೊಗ್ಗ

ಉತ್ತರ: ಜುಡೊ ನಾಲ್ಕು ನಿಮಿಷಕ್ಕೆ ಮುಗಿಯದಿದ್ದರೆ ಗೋಲ್ಡನ್ ಸ್ಕೋರ್‌ಗೆ (ಸಮಬಲವಾದಾಗ ಮುಂದುವರಿಯುವ ಹೆಚ್ಚುವರಿ ಆಟ) ಸಮಯದ ಮಿತಿಯೇ ಇಲ್ಲ, ನಿಮ್ಮ ದುಡಿಮೆ ಕಾಣಿಸಬೇಕಾದದ್ದು ಅಲ್ಲಿ. ಅಳೆಯಲು ಮೂರು ದಾರಿ.

ನಾಲ್ಕು ವಾರಕ್ಕೊಮ್ಮೆ ಒಂದೇ ಮೈದಾನದಲ್ಲಿ, ಒಂದೇ ಹೊತ್ತಿಗೆ, ನಾಡಿಯನ್ನು 140ರಲ್ಲಿ ಹಿಡಿದು 30 ನಿಮಿಷ ಓಡಿ ದೂರ ಬರೆದಿಡಿ. ದೂರ ಬೆಳೆಯುತ್ತಿದ್ದರೆ ಅದೇ ಬಡಿತಕ್ಕೆ ಹೆಚ್ಚು ಕೆಲಸ ಆಗುತ್ತಿದೆ. ಎಂಟು ವಾರಕ್ಕೊಮ್ಮೆ 400 ಮೀಟರ್ ಟ್ರ್ಯಾಕಿನಲ್ಲಿ 12 ನಿಮಿಷದಲ್ಲಿ ಆದಷ್ಟು ದೂರ ಓಡುವ ಕೂಪರ್ ಪರೀಕ್ಷೆ: ಓಡಿದ ಮೀಟರ್‌ನಿಂದ 505 ಕಳೆದು 44.7ರಿಂದ ಭಾಗಿಸಿದರೆ ನಿಮ್ಮ ಗರಿಷ್ಠ ಆಮ್ಲಜನಕ ಬಳಕೆಯ (ಮೈತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ ಎಷ್ಟು ಮಿ.ಲೀ. ಎಂಬ) ಅಂದಾಜು ಸಿಗುತ್ತದೆ. ಆರು ಸುತ್ತು, ಅಂದರೆ 2,400 ಮೀಟರ್ ಆದರೆ 42; ಏಳು ಸುತ್ತಾದರೆ 51. ಕಾದಾಟದ ಆಟಗಳ ಒಳ್ಳೆಯ ಪುರುಷ ಆಟಗಾರರಲ್ಲಿ ಇದು ಸಾಮಾನ್ಯವಾಗಿ 50-60ರ ನಡುವೆ ಇರುತ್ತದೆ, ಭಾರೀ ತೂಕದವರಲ್ಲಿ ಕಡಿಮೆ. 55 ಮುಟ್ಟಿದ ಮೇಲೆ ಇನ್ನಷ್ಟು ಓಟಕ್ಕಿಂತ ಮ್ಯಾಟ್ ಮೇಲಿನ ಸಮಯಕ್ಕೆ ಬೆಲೆ ಹೆಚ್ಚು.

ಮೂರನೆಯದೇ ನಿಜವಾದ ಪರೀಕ್ಷೆ. ರಾಂದೊರಿ (ಜುಡೊದ ಅಭ್ಯಾಸ ಕಾದಾಟ) ಮುಗಿದ ತಕ್ಷಣ 15 ಸೆಕೆಂಡು ನಾಡಿ ಎಣಿಸಿ, ಸರಿಯಾಗಿ ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎರಡನ್ನೂ ನಾಲ್ಕರಿಂದ ಗುಣಿಸಿ ವ್ಯತ್ಯಾಸ ಬರೆದಿಡಿ. ಜೊತೆಗಾರ ಒಬ್ಬನೇ ಇರಲಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ವಾರದಿಂದ ವಾರಕ್ಕೆ ಆ ಇಳಿತ ದೊಡ್ಡದಾಗುತ್ತಿರಬೇಕು. ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸುವ ನಾಡಿ ಎಂದಿಗಿಂತ ಏಳೆಂಟು ಬಡಿತ ಮೇಲಿದ್ದು ಎರಡು ದಿನ ಹಾಗೇ ಉಳಿದರೆ ಆ ದಿನದ ಓಟ ಬಿಡಿ. ಜ್ವರ ಇದ್ದರೆ ಓಡಲೇಬೇಡಿ. ಜ್ವರ ಬಿಟ್ಟ ಮೇಲೂ ಎದೆ ಬಿಗಿತ, ಎದೆ ಡವಗುಟ್ಟುವುದು ಇದ್ದರೆ ಇಸಿಜಿ ಮಾಡಿಸಿ, ವೈದ್ಯರು ಒಪ್ಪಿದ ಮೇಲೆ 20 ನಿಮಿಷದ ನಡಿಗೆಯಿಂದ ಶುರುಮಾಡಿ.